ಹನ್ನೆರಡು ಸಾಲಿನ ಕ್ಷಮೆ

ಇನ್ನೂ ಮೂರು ಸಾಲು ಹೆಚ್ಚಾಗಿತ್ತು. ನಾಲ್ಕು ಅಂಕದ ಉತ್ತರವೆಂದರೆ ಹನ್ನೆರಡು ಸಾಲು. ಹದಿಮೂರನೆಯದು ಕಂಡರೆ ಮುದ್ರಣಾಲಯದ ಯಜಮಾನರು ಕೆಂಪು ಪೆನ್ಸಿಲಿನಲ್ಲಿ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಮಕ್ಕಳ ಕೈ ನೋಯುತ್ತದೆ’ ಎಂದು ಬರೆದು ಕಳಿಸುತ್ತಿದ್ದರು. ಅವಳು ಮೊದಲು ‘ಒಟ್ಟಿನಲ್ಲಿ ಹೇಳುವುದಾದರೆ’ ಎಂಬುದನ್ನು ತೆಗೆದಳು. ಆಮೇಲೆ ಕವಿಯ ಹೃದಯದಲ್ಲಿ ಉಕ್ಕಿ ಹರಿಯುತ್ತಿದ್ದ ಪ್ರಕೃತಿಪ್ರೇಮವನ್ನು ಬರೀ ಪ್ರಕೃತಿಪ್ರೇಮಕ್ಕೆ ಇಳಿಸಿದಳು. ಉಕ್ಕುವುದೂ ಹರಿಯುವುದೂ ಹೋದದ್ದರಿಂದ ಅರ್ಧ ಸಾಲು ಉಳಿಯಿತು. ಕೊನೆಗೆ ಒಂದು ಬೆಟ್ಟವನ್ನೂ ಎರಡು ಹಕ್ಕಿಗಳನ್ನೂ ಕಿತ್ತುಹಾಕಿದ ಮೇಲೆ ಉತ್ತರ ಅಳತೆಗೆ ಬಂತು.

ಹನ್ನೊಂದು ವರ್ಷದಿಂದ ಅವಳ ಕೆಲಸ ಇದೇ. ಮುದ್ರಣಾಲಯದ ಹಿಂದಿನ ಕೋಣೆ. ಒಂದು ಮಗ್ಗುಲಲ್ಲಿ ಸೂರು ಮುಟ್ಟುವಷ್ಟು ಕಾಗದದ ಕಟ್ಟುಗಳು, ಇನ್ನೊಂದು ಮಗ್ಗುಲಲ್ಲಿ ಗೋಡೆಯಾಚೆ ಕಾಗದ ಕತ್ತರಿಸುವ ಯಂತ್ರ. ಅದರ ಅಲಗು ಬಿದ್ದಾಗಲೆಲ್ಲ ಮೇಜಿನ ಮೇಲಿನ ಲೋಟದೊಳಗಿನ ಟೀ ನಡುಗುತ್ತಿತ್ತು. ಇಲ್ಲಿ ಕೂತು ಅವಳು ಹತ್ತನೆಯ ತರಗತಿಯ ಮಕ್ಕಳಿಗೆ ಗೈಡು ಬರೆಯುತ್ತಿದ್ದಳು: ಪಾಠದ ಸಾರಾಂಶ, ಸಂಭವನೀಯ ಪ್ರಶ್ನೆ, ಮಾದರಿ ಉತ್ತರ. ಹಳದಿ ರಕ್ಷಾಪುಟದ ಮೇಲೆ ‘ಅನುಭವಿ ಅಧ್ಯಾಪಕರ ಬಳಗದಿಂದ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗುತ್ತಿತ್ತು. ಆ ಬಳಗವೆಂದರೆ, ಬೆನ್ನಿಗೊಂದು ದಿಂಬು ಇಟ್ಟುಕೊಂಡು ಕೂತ ಅವಳೊಬ್ಬಳೇ. ಒಂದು ದಿನವೂ ಕರಿಹಲಗೆಯ ಮುಂದೆ ನಿಂತವಳಲ್ಲ. ಮನೆಯಲ್ಲಿ ಗಂಡನಿಗೆ ಬಿಟ್ಟರೆ ಈ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಉಳಿದವರ ಪಾಲಿಗೆ, ಮಗಳ ಪಾಲಿಗೂ, ಅವಳು ಪ್ರೆಸ್ಸಿನಲ್ಲಿ ಪ್ರೂಫು ನೋಡುವವಳು.

ಮೊಬೈಲು ಬಡಿದುಕೊಂಡಿತು. ಮಗಳ ಶಾಲೆಯಿಂದ.

“ನಾನು ಭಾಷೆ ಪಾಠದ ಮೇಡಂ ಮಾತಾಡ್ತಿರೋದು. ಸ್ವಲ್ಪ ಬಂದು ಹೋಗ್ತೀರಾ? ಇವತ್ತೇ.”

“ಹುಷಾರಿಲ್ವಾ ಅವ್ಳಿಗೆ?”

“ಅವ್ಳು ಚೆನ್ನಾಗೇ ಇದಾಳೆ. ನನಗೇ ಹುಷಾರು ತಪ್ಪೋ ಹಾಗಾಗಿದೆ.”

ಶಾಲೆಯ ಅಧ್ಯಾಪಕರ ಕೋಣೆಯಲ್ಲಿ ಉದ್ದನೆಯ ಒಂದೇ ಮೇಜು, ಅದರ ಮೇಲೆ ದಾರ ಕಟ್ಟಿದ ಉತ್ತರಪತ್ರಿಕೆಗಳ ಕಂತೆಗಳು. ಅವುಗಳ ನಡುವೆ ಭಾಷಾ ಮೇಡಂ, ಕೋಟೆಯೊಳಗೆ ಸಿಕ್ಕಿಬಿದ್ದವರ ಹಾಗೆ, ತಲೆ ಮಾತ್ರ ಕಾಣುವಂತೆ ಕೂತಿದ್ದರು. ವಯಸ್ಸು ಮೂವತ್ತೈದರ ಆಚೀಚೆ. ಬಲಗೈ ತೋಳಿಗೆಲ್ಲ ಸೀಮೆಸುಣ್ಣ. ನಾಲ್ಕು ಸೆಕ್ಷನ್ನು, ಒಂದೊಂದರಲ್ಲಿ ಅರವತ್ತು ಮಕ್ಕಳು. ಮುಖದಲ್ಲಿ ಆ ಇನ್ನೂರ ನಲವತ್ತೂ ಕಾಣಿಸುತ್ತಿತ್ತು.

“ಕೂತ್ಕೊಳ್ಳಿ. ನೀವೇ ಓದಿ. ನಾನು ಬಾಯಲ್ಲಿ ಹೇಳಿದ್ರೆ ಉಪ್ಪುಖಾರ ಸೇರಿಸ್ದೆ ಅಂತೀರ.”

ಹಾಳೆಯ ಮೇಲೆ ಮಗಳ ಕೋಳಿಕಾಲಿನ ಅಕ್ಷರ. ಪ್ರಶ್ನೆ: ‘ಕಿರಿಯ ಸೊಸೆಯ ಕ್ಷಮಾಗುಣವನ್ನು ವಿವರಿಸಿ.’ ಅದರ ಕೆಳಗೆ:

‘ಕಿರಿಯ ಸೊಸೆಗೆ ಆ ಗುಣ ಇಲ್ಲ. ಅವಳು ಕ್ಷಮಿಸುವುದಿಲ್ಲ. ಪುಟ ೨೭೧ ನೋಡಿ. ಆದ್ದರಿಂದ ಪ್ರಶ್ನೆಯೇ ತಪ್ಪು. ಇಡೀ ಪುಸ್ತಕದಲ್ಲಿ ನನಗೆ ಇಷ್ಟವಾದದ್ದು ಆ ಒಂದು ಪುಟ. ಮಿಕ್ಕ ನಾನೂರ ಐವತ್ತೊಂಬತ್ತು ಪುಟಗಳನ್ನು ಯಾಕೆ ಬರೆದರೋ ತಿಳಿಯುವುದಿಲ್ಲ. ನದಿಯನ್ನು ಒಂದು ಸಲ ವರ್ಣಿಸಿದರೆ ಸಾಕು, ಅದು ಎಲ್ಲಿಗೂ ಹೋಗುವುದಿಲ್ಲ.’

ಪಕ್ಕದಲ್ಲಿ ಸೊನ್ನೆ. ಸೊನ್ನೆಯ ಸುತ್ತ ಇನ್ನೊಂದು ವೃತ್ತ. ಪೆನ್ನು ಕಾಗದವನ್ನು ಸ್ವಲ್ಪ ಹರಿದಿತ್ತು.

ಅವಳಿಗೆ ನಗು ಬಂತು. ಕೆಮ್ಮಿನ ಹಾಗೆ ಮಾಡಿ ಅದನ್ನು ನುಂಗಿಕೊಂಡಳು.

“ಮೂವತ್ತು ವರ್ಷದಿಂದ ಪಠ್ಯದಲ್ಲಿರೋ ಕಾದಂಬರಿ,” ಮೇಡಂ ಹೇಳಿದರು. “ಎಂಥೆಂಥವರು ಓದಿ ಕಣ್ಣೀರು ಹಾಕಿದಾರೆ. ಇವಳು ನದಿ ಎಲ್ಲಿಗೂ ಹೋಗಲ್ಲ ಅಂತ ಬರೀತಾಳೆ! ನದಿ ಹೋಗ್ದೆ ಇನ್ನೇನು ಮಾಡುತ್ತೆ?”

“ಉದ್ಧಟತನ ತಪ್ಪೇ, ಮೇಡಂ. ಆದ್ರೆ ಪುಸ್ತಕದಲ್ಲಿ ಹಾಗಿದ್ರೆ...”

“ಪುಸ್ತಕದಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ವಾ?”

ಮೇಡಂ ಮೇಜಿನ ಖಾನೆ ಎಳೆದರು. ಹೊರಬಂದದ್ದು ಕಾದಂಬರಿಯಲ್ಲ. ಹಳದಿ ರಕ್ಷಾಪುಟದ, ಮೂಲೆಗಳೆಲ್ಲ ಮುದುರಿದ, ಅಂಟುಪಟ್ಟಿ ಹಚ್ಚಿ ಉಳಿಸಿಕೊಂಡ ಗೈಡು. “ಪುಟ ಎಂಬತ್ತೆಂಟು. ನೋಡಿ, ಎಷ್ಟು ಸ್ಪಷ್ಟವಾಗಿದೆ.”

ನೋಡದೆಯೂ ಅವಳಿಗೆ ಗೊತ್ತಿತ್ತು. ‘ಹನ್ನೆರಡು ವರ್ಷಗಳ ವಿರಹದ ಬೇಗೆಯಲ್ಲಿ ಪುಟಕ್ಕಿಟ್ಟ ಚಿನ್ನದಂತೆ ಹೊಳೆಯುವ ಕಿರಿಯ ಸೊಸೆಯು ಮರಳಿ ಬಂದ ಗಂಡನನ್ನು ಒಂದೇ ಒಂದು ಕಟುನುಡಿಯಾಡದೆ ಕ್ಷಮಿಸುತ್ತಾಳೆ.’ ಆ ಪುಟಕ್ಕಿಟ್ಟ ಚಿನ್ನ ಹೇಗೆ ಬಂತೆಂಬುದೂ ನೆನಪಿತ್ತು. ಹನ್ನೆರಡಕ್ಕೆ ಒಂದು ಸಾಲು ಕಡಿಮೆ ಬಿದ್ದಾಗ ತುಂಬಿಸಿದ್ದು.

ಹನ್ನೊಂದು ವರ್ಷದ ಹಿಂದೆ ಯಜಮಾನರು ಆ ಕಾದಂಬರಿಯನ್ನು ಅವಳ ಮುಂದಿಟ್ಟು ಹತ್ತು ದಿನ ಕೊಟ್ಟಿದ್ದರು. ಕಂಡದ್ದೇ ಅವಳು ಅದರ ಗುರುತು ಹಿಡಿದಿದ್ದಳು. ತಾನು ಹತ್ತನೆಯ ತರಗತಿಯಲ್ಲಿದ್ದಾಗಲೂ ಅದೇ ಪುಸ್ತಕ. ಮಾಸ್ತರರು ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲಿ ನದಿಯ ವರ್ಣನೆ ಓದುವರು. ಊಟ ಮಾಡಿದ ಐವತ್ತು ಮಕ್ಕಳು ಒಬ್ಬೊಬ್ಬರಾಗಿ ಆ ನದಿಯಲ್ಲಿ ಮುಳುಗುವರು. ಆಗ ಅವಳು ಯಾರದೋ ನೋಟ್ಸು ಉರು ಹೊಡೆದು ಪಾಸಾಗಿದ್ದಳು. ಎರಡನೆಯ ಸಲ ನೂರ ಅರವತ್ತು ಪುಟದವರೆಗೆ ಪ್ರಾಮಾಣಿಕವಾಗಿ ಹೋದಳು. ಆಗ ಐದು ವರ್ಷದ ಮಗಳಿಗೆ ಮೈತುಂಬ ಸೀತಾಳೆ ಸಿಡುಬು ಎದ್ದಿತು. ಅಲ್ಲಿಂದ ಮುಂದೆ ಪ್ರತಿ ಅಧ್ಯಾಯದ ಮೊದಲ ಸಾಲು, ಕೊನೆಯ ಸಾಲು ಮಾತ್ರ ಓದಿ ನಡುವಿನದನ್ನು ಊಹಿಸಿ ಬರೆದಳು. ಹತ್ತೊಂಬತ್ತನೆಯ ಅಧ್ಯಾಯದ ಮೊದಲ ಸಾಲಿನಲ್ಲಿ ಗಂಡ ಹನ್ನೆರಡು ವರ್ಷಗಳ ಮೇಲೆ ಬಂದು ಅಂಗಳದಲ್ಲಿ ನಿಂತಿದ್ದ. ಕೊನೆಯ ಸಾಲಿನಲ್ಲಿ, ಇಷ್ಟಾದರೂ ಮನೆಯವರು ತನ್ನನ್ನು ಹೊರಗೆ ಹಾಕಲಿಲ್ಲವಲ್ಲ ಎಂದು ಕಣ್ಣೊರೆಸಿಕೊಂಡಿದ್ದ. ನಡುವೆ ಇನ್ನೇನಾಗಿರಲು ಸಾಧ್ಯ? ಕ್ಷಮಿಸಿದ್ದಾಳೆ. ಬರೆಯುವಾಗ ಅವಳು ಯೋಚನೆ ಕೂಡ ಮಾಡಿರಲಿಲ್ಲ.

“ಕರೀತೀನಿ ಇರಿ ಅವಳನ್ನ,” ಎಂದು ಮೇಡಂ ಜವಾನನ ಕೈಲಿ ಹೇಳಿಕಳಿಸಿದರು.

ಮಗಳು ಬಂದು ಬಾಗಿಲಲ್ಲಿ ನಿಂತಳು. ಒಂದು ಕಾಲುಚೀಲ ಮೇಲೆ, ಒಂದು ಕೆಳಗೆ. ಮೂರು ವರ್ಷದವಳಿದ್ದಾಗ ಅಜ್ಜಿ ‘ಮೊಂಡಿ’ ಎಂದು ಕರೆದದ್ದು ಹಾಗೇ ನಿಂತುಬಿಟ್ಟಿತ್ತು. ಈಗ ಮನೆಯಲ್ಲಿ ಆ ಹೆಸರಿನಲ್ಲಿ ಬೈಗುಳವೂ ಇರಲಿಲ್ಲ, ಮುದ್ದೂ ಇರಲಿಲ್ಲ.

“ಅಮ್ಮ ಬಂದಿದಾರೆ ನೋಡು. ಅವರೆದುರಿಗೆ ಸಾರಿ ಕೇಳು.”

“ಯಾವುದಕ್ಕೆ ಮೇಡಂ? ಬರೆದಿದ್ದಕ್ಕಾ, ಓದಿದ್ದಕ್ಕಾ?”

“ನೋಡಿದ್ರಾ, ನೋಡಿದ್ರಾ!”

“ಮೊಂಡಿ, ಸುಮ್ನಿರು,” ಎಂದಳು ಅವಳು.

“ಅಮ್ಮ, ಬೇಕಾದ್ರೆ ಪುಸ್ತಕ ತಂದು ತೋರಿಸ್ತೀನಿ. ಬ್ಯಾಗಲ್ಲೇ ಇದೆ.”

“ಪುಸ್ತಕ ಏನೂ ಬೇಡ!” ಮೇಡಂ ಗೈಡಿನ ಮೇಲೆ ಅಂಗೈ ಊರಿದರು. “ಕೇಳು. ಸೋಮವಾರ ಮೊದಲನೇ ಪೀರಿಯಡ್ಡಿಗೆ ಈ ಉತ್ತರ ಸರಿಯಾಗಿ ಬರ್ಕೊಂಡು ಬರ್ಬೇಕು. ಕೆಳಗೆ ಪೋಷಕರ ಸಹಿ. ಇಲ್ದಿದ್ರೆ ಈ ನಾಲ್ಕಂಕ ಹೋಗೋದಲ್ದೆ, ಆಂತರಿಕ ಅಂಕ ಇದೆಯಲ್ಲ, ಓದಿನ ಅಭಿರುಚಿಗೆ ಹತ್ತು, ಅದಕ್ಕೂ ಸೊನ್ನೆ ಹಾಕ್ತೀನಿ. ಆಮೇಲೆ ನನ್ನ ಕೈಲಿ ಏನೂ ಇರಲ್ಲ. ಫಲಿತಾಂಶಕ್ಕೇ ಸೇರುತ್ತೆ ಅದು.”

ಓದಿನ ಅಭಿರುಚಿ. ನಾಲ್ಕು ಸೆಕ್ಷನ್ನಿನ ಇನ್ನೂರ ನಲವತ್ತು ಮಕ್ಕಳಲ್ಲಿ ಆ ಪುಸ್ತಕವನ್ನು ಆದಿಯಿಂದ ಅಂತ್ಯದವರೆಗೆ ಓದಿದ ಒಬ್ಬಳೇ ಒಬ್ಬಳಿಗೆ ಓದಿನ ಅಭಿರುಚಿಯಲ್ಲಿ ಸೊನ್ನೆ. ಈ ಮಾತನ್ನು ಗಟ್ಟಿಯಾಗಿ ಹೇಳಬೇಕೆಂದು ಅವಳು ಬಾಯಿ ತೆರೆದಳು. ಹೇಳಿದರೆ ಅದರ ಹಿಂದೆ ಇನ್ನೊಂದು ಮಾತು ತಾನಾಗಿ ಹೊರಬರುತ್ತಿತ್ತು. ಬಾಯಿ ಮುಚ್ಚಿಕೊಂಡಳು.

ಮನೆಗೆ ಹೊರಡಲು ಮಗಳು ಬ್ಯಾಗು ತರಲು ಹೋದಾಗ ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ದನಿ ಇಳಿದಿತ್ತು. “ನಿಮ್ಹತ್ರ ಹೇಳೋದಕ್ಕೇನು, ನನಗೂ ಆ ಪುಸ್ತಕ ಕಂಡ್ರೆ ಆಗಲ್ಲ. ಎಷ್ಟು ಸಲ ಹಿಡ್ಕೊಂಡಿದೀನಿ, ನಲವತ್ತು ಪುಟ ದಾಟಕ್ಕಾಗಿಲ್ಲ. ಈ ಗೈಡ್ ಬರೆದ ಪುಣ್ಯಾತ್ಮರು ಯಾರೋ, ಅವರ ಹೊಟ್ಟೆ ತಣ್ಣಗಿರ್ಲಿ. ಅವರು ಓದಿದಾರೆ, ನಮ್ಮ ಜೀವ ಉಳಿಸಿದಾರೆ.”

ಬಸ್‌ ಸ್ಟಾಪಿನವರೆಗೆ ತಾಯಿ ಮಗಳು ನಡೆದರು. ಚಪ್ಪಲಿ ರಿಪೇರಿಯ ಅಂಗಡಿ, ಬೀಗದ ಕೈ ಮಾಡುವವನ ಗೂಡು, ಬಟ್ಟೆ ಒಣಹಾಕಿದ ಬಾಲ್ಕನಿಗಳು ಹಿಂದೆ ಸರಿದವು.

“ಅಷ್ಟೊಂದು ಸೇರಲ್ಲ ಅಂದ್ಮೇಲೆ ಪೂರ್ತಿ ಯಾಕೆ ಓದಿದ್ಯೆ?” ಕೊನೆಗೆ ಅವಳೇ ಕೇಳಿದಳು.

“ಓದ್ದೇನೇ ಬೈದ್ರೆ ಮೋಸ ಅಲ್ವಾ?” ಮಗಳು ಒಂದು ಕಲ್ಲನ್ನು ಒದ್ದುಕೊಂಡು ಬರುತ್ತಿದ್ದಳು. “ಚೆನ್ನಾಗಿ ಬೈಬೇಕು ಅಂತ್ಲೇ ಓದ್ದೆ. ಒಂದೊಂದು ಅಧ್ಯಾಯನೂ ಔಷಧಿ ಥರ. ಮೂಗು ಹಿಡ್ಕೊಂಡು. ಆ ದೊಡ್ಡಣ್ಣ ಅನ್ನೋನು ಯೋಚನೆ ಮಾಡ್ತಾನೆ, ಮಾಡ್ತಾನೆ, ಹದಿನಾಲ್ಕು ಪುಟ ಯೋಚನೆ ಮಾಡಿ ಆಮೇಲೆ ಹೋಗಿ ಮಲಗ್ತಾನೆ. ಅದಕ್ಕೆ ಒಂದು ಅಧ್ಯಾಯ!”

“ದೊಡ್ಡವರು ಬರೆದಿದ್ದು ಕಣೆ.”

“ದೊಡ್ಡದಾಗಿ ಬರೆದಿದ್ದು. ಅಮ್ಮ, ಆ ಗೈಡ್ ಬರೆದಿದಾನಲ್ಲ, ಅವನು ಓದೇ ಇಲ್ಲ ಅಂತ ನಂಗನ್ಸುತ್ತೆ.”

“ಅವನು ಅಂತ ಯಾಕೆ ಅಂತೀಯ?”

“ಗಂಡಸೇ ಇರ್ಬೇಕು. ಹೆಂಗಸಾಗಿದ್ರೆ, ಹನ್ನೆರಡು ವರ್ಷ ಬಿಟ್ಟುಹೋದವನನ್ನ ಅಷ್ಟು ಸುಲಭಕ್ಕೆ ಕ್ಷಮಿಸಿಬಿಟ್ಲು ಅಂತ ಬರೀತಿದ್ಲಾ? ಒಂದ್ಸಲನಾದ್ರೂ ಪುಟ ತಿರುಗಿಸಿ ನೋಡ್ತಿರ್ಲಿಲ್ವಾ?”

ಬಸ್ಸು ಬಂತು. ಅವಳು ಮಗಳನ್ನು ಮುಂದೆ ಹತ್ತಿಸಿ ತಾನು ಹಿಂದಿನಿಂದ ಹತ್ತಿದಳು. ಮುಖ ತೋರಿಸಬೇಕಾಗಿ ಬರದಂತೆ, ಎದುರು ಸೀಟು ಬಿಟ್ಟು ಹಿಂದಿನ ಸೀಟಿನಲ್ಲಿ ಕೂತಳು.

ಮರುದಿನ ಯಜಮಾನರು ಹೊಸ ಮುದ್ರಣದ ಹಾಳೆಗಳನ್ನು ಬೆಳಕಿಗೆ ಹಿಡಿದು ಅಂಚು ನೋಡುತ್ತಿದ್ದಾಗ ಅವಳು ಹೋಗಿ ನಿಂತಳು.

“ಸರ್, ಪುಟ ಎಂಬತ್ತೆಂಟರಲ್ಲಿ ಒಂದು ತಪ್ಪಾಗಿದೆ.”

“ಅಕ್ಷರದ್ದಾ?”

“ಅಲ್ಲ. ಕಥೇದು. ಕಿರಿ ಸೊಸೆ ಕ್ಷಮಿಸಲ್ವಂತೆ.”

ಯಜಮಾನರು ಹಾಳೆ ಇಳಿಸಿದರು. “ಅಂತೆ ಅಂದ್ರೆ? ಯಾರಂದ್ರು?”

“ಪುಸ್ತಕದಲ್ಲೇ ಇದೆಯಂತೆ. ಒಬ್ಬಳು ಹುಡುಗಿ ಕಂಡುಹಿಡಿದಿದಾಳೆ.”

“ಹನ್ನೊಂದು ವರ್ಷಕ್ಕೆ ಒಬ್ಬಳು!” ಅವರಿಗೆ ನಿಜಕ್ಕೂ ಸಂತೋಷವಾದಂತಿತ್ತು. “ನಮ್ಮ ಗೈಡು ಅಷ್ಟು ಗಟ್ಟಿ ಅಂತಾಯ್ತಲ್ಲಮ್ಮ.”

“ಈ ಮುದ್ರಣದಲ್ಲಿ ತಿದ್ದಿಬಿಡೋಣ ಸರ್. ಒಂದು ಪುಟದ ಕೆಲಸ.”

“ಕೂತ್ಕೋ. ನೀನು ತಿಳಿದೋಳು, ನಿಧಾನವಾಗಿ ಕೇಳು. ಪರೀಕ್ಷೇಲಿ ಈ ಪ್ರಶ್ನೆ ಎಲ್ಲಿಂದ ಬಂತು? ನಮ್ಮ ಗೈಡಿಂದ. ಪೇಪರ್ ತಿದ್ದೋರ ಕೈಲಿರೋ ಉತ್ತರ ಎಲ್ಲಿಂದ ಬಂತು? ನಮ್ಮ ಗೈಡಿಂದ. ಈಗ ನೀನು ಕ್ಷಮಿಸಲಿಲ್ಲ ಅಂತ ಬರೀತೀಯ. ಅದನ್ನ ನಂಬಿ ಮಕ್ಕಳು ಹಾಗೇ ಬರೀತವೆ. ತಿದ್ದೋರ ಹತ್ರ ಹಳೇ ಗೈಡು. ಅವರು ಸೊನ್ನೆ ಎಳೀತಾರೆ. ಪಾಪ ಯಾರಿಗೆ ಸುತ್ಕೊಳ್ಳುತ್ತೆ?”

“ಆದ್ರೆ ಪುಸ್ತಕದಲ್ಲಿ...”

“ಪುಸ್ತಕ ಯಾರು ತೆಗೀತಾರಮ್ಮ? ಹನ್ನೊಂದು ವರ್ಷದಿಂದ ಒಪ್ಪವಾಗಿ ಕ್ಷಮಿಸ್ಕೊಂಡು ಬಂದಿದಾಳೆ. ಈಗ ಇದ್ದಕ್ಕಿದ್ದ ಹಾಗೆ ಇಲ್ಲ ಅಂದ್ರೆ ಆಗುತ್ತಾ?”

ಹೇಳಿದ್ದನ್ನು ಅವರು ತಮಾಷೆಗೆ ಹೇಳಿರಲಿಲ್ಲ. ಅದೇ ಅವಳನ್ನು ಕಂಗಾಲು ಮಾಡಿತು. ಗೋಡೆಗೆ ತಲೆ ಚಚ್ಚಿಕೊಳ್ಳೋಣವೆಂದರೆ ಗೋಡೆಯೂ ತಾನೇ ಕಟ್ಟಿದ್ದು.

ಅವಳು ಏಳುವಾಗ ಯಜಮಾನರು ಕರೆದರು. “ಆ ಹುಡುಗಿ ಯಾರು?”

“ಗೊತ್ತಿರೋರ ಮಗಳು.”

“ನೋಡು, ಬರೆಯೋರು ಯಾರು ಅಂತ ಹೊರಗೆ ಬಿದ್ದ ದಿನ ಈ ಅಂಗಡಿ ಬಾಗಿಲು ಎಳೀಬೇಕು. ಅನುಭವಿ ಅಧ್ಯಾಪಕರು ಅಂದ್ರೆ ಒಬ್ಬಳು ಹೆಂಗಸು, ಟ್ರೈನಿಂಗೂ ಆಗಿಲ್ಲ ಅಂತ ಗೊತ್ತಾದ್ರೆ ಯಾರು ಮುಟ್ತಾರೆ? ನಾನು ಎಲ್ಲಾದ್ರೂ ಬದುಕ್ಕೋತೀನಿ. ನಿನಗೆ ಈ ವಯಸ್ಸಲ್ಲಿ ಬೇರೆ ಎಲ್ಲಿ ಕುರ್ಚಿ ಇಟ್ಟಿದಾರೆ?”

ಮಾತಿನಲ್ಲಿ ಸಿಟ್ಟಿರಲಿಲ್ಲ. ನಿಜವಿತ್ತು. ಆ ದಿನ ಅವಳು ಇನ್ನೂ ಆರು ಉತ್ತರಗಳನ್ನು ಹನ್ನೆರಡು ಸಾಲಿಗೆ ಕತ್ತರಿಸಿದಳು.

ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಗಂಡನಿಗೆ ಶನಿವಾರ ಊಟದ ಹೊತ್ತಿಗೆ ಎಲ್ಲವನ್ನೂ ಹೇಳಿಕೊಂಡಳು. ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಅವನು ತಟ್ಟೆಯಿಂದ ತಲೆಯೆತ್ತಲಿಲ್ಲ.

“ಬರ್ಕೊಟ್ಟು ಕೈ ತೊಳ್ಕೊಳ್ಳಲಿ ಅವಳು ಅತ್ಲಾಗೆ. ಯಾವಳೋ ಸೊಸೆ ಕ್ಷಮಿಸಿದ್ರೆ ಎಷ್ಟು, ಬಿಟ್ರೆ ಎಷ್ಟು?”

“ಅವಳು ಸರಿಯಾಗಿ ಬರ್ದಿದಾಳೆ ರೀ. ತಪ್ಪು ನಂದು.”

“ನಿಂದು ಅಂತ ಯಾರಿಗೆ ಗೊತ್ತು?”

“ನನಗೆ ಗೊತ್ತಲ್ಲ.”

“ನಿನಗೊಬ್ಬಳಿಗೆ ಗೊತ್ತಿದ್ರೆ ಲೆಕ್ಕಕ್ಕಿಲ್ಲ ಬಿಡು,” ಎಂದು ಅವನು ಮಜ್ಜಿಗೆ ಬಡಿಸಿಕೊಂಡ. ಕೆಟ್ಟವನಲ್ಲ. ಇಡೀ ದಿನ ಬೇರೆಯವರ ಕಣ್ಣಿನ ಅಳತೆಗೆ ಗಾಜು ಉಜ್ಜಿ ಉಜ್ಜಿ, ಮನೆಗೆ ಬಂದ ಮೇಲೆ ಯಾವುದನ್ನೂ ಸೂಕ್ಷ್ಮವಾಗಿ ನೋಡಲು ಅವನಿಗೆ ಶಕ್ತಿ ಉಳಿಯುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಅವಳು ಮಗಳ ಬ್ಯಾಗಿನಿಂದ ಕಾದಂಬರಿಯನ್ನು ತೆಗೆದುಕೊಂಡು ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ನೆರಳಿದ್ದ ಕಡೆ ಕುರ್ಚಿ ಹಾಕಿಕೊಂಡಳು. ಅಂಚುಗಳ ತುಂಬ ಪೆನ್ಸಿಲಿನ ಟಿಪ್ಪಣಿ. ‘ಮತ್ತೆ ನದಿ.’ ‘ಇನ್ನೂ ನದಿ.’ ‘ಇವನಿಗೆ ಕೆಲಸ ಇಲ್ವಾ?’ ಒಂದು ಕಡೆ ಬರೀ ‘ಅಯ್ಯೋ.’ ನೂರ ಅರವತ್ತನೆಯ ಪುಟದಿಂದ ಶುರುಮಾಡಿದಳು. ಈ ಸಲ ಸಾಲು ಹಾರಿಸಬಾರದೆಂದು ತನಗೆ ತಾನೇ ಆಣೆ ಹಾಕಿಕೊಂಡಿದ್ದಳು.

ಪುಸ್ತಕ ಸುಧಾರಿಸಿರಲಿಲ್ಲ. ಇದನ್ನು ಅವಳು ಒಪ್ಪಿಕೊಳ್ಳಲೇಬೇಕಾಯಿತು. ವಯಸ್ಸಾದ ಮೇಲೆ ಇಂಥವು ರುಚಿಸುತ್ತವೆ ಎಂದು ಯಾರೋ ಹೇಳಿದ್ದರು, ಸುಳ್ಳು. ದೋಣಿ ಕಟ್ಟುವುದರ ಬಗ್ಗೆ ಒಂಬತ್ತು ಪುಟ. ದೊಡ್ಡಣ್ಣ ಯೋಚಿಸಿ ಯೋಚಿಸಿ ಮಲಗಿದ. ಎರಡು ಸಲ ಅವಳ ತಲೆ ತೂಗಿ ಗಲ್ಲ ಎದೆಗೆ ಬಡಿಯಿತು. ‘ಓಹ್, ಸಾಕು ಮಹಾನುಭಾವ’ ಎಂದು ಗಟ್ಟಿಯಾಗಿ ಹೇಳಿ, ಮುಖ ತೊಳೆದುಕೊಂಡು ಬಂದು ಮತ್ತೆ ಕೂತಳು. ಹದಿನೆಂಟು ಮುಗಿಯಿತು. ಹತ್ತೊಂಬತ್ತು. ಗಂಡ ಅಂಗಳದಲ್ಲಿ ಬಂದು ನಿಂತ.

ಪುಟ ಇನ್ನೂರ ಎಪ್ಪತ್ತೊಂದರಲ್ಲಿ ನದಿ ಇರಲಿಲ್ಲ. ಕಿರಿಯ ಸೊಸೆ ಕಾಳು ಕೇರುತ್ತಿದ್ದಳು. ಗಂಡನನ್ನು ಕಂಡು ಮೊರ ಕೆಳಗಿಡಲಿಲ್ಲ. ಕೈಯಲ್ಲಿದ್ದಷ್ಟನ್ನು ಕೇರಿ ಮುಗಿಸಿದಳು. ಆಮೇಲೆ ಎದ್ದು, ಸೊಂಟದಲ್ಲಿದ್ದ ಕೀಲಿಕೈಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅವನ ಪಕ್ಕದಿಂದಲೇ ಹೊರಗೆ ನಡೆದಳು. ಅವನು, ನಾನು ಬಂದಿದ್ದೇನೆ, ಎಂದ. ಅವಳು, ಕಾಣಿಸುತ್ತಿದೆ, ಎಂದಳು. ಅಷ್ಟೇ. ಊರಾಚೆಯ ಗಿರಣಿಯಲ್ಲಿ ಅವಳಿಗೆ ಕೆಲಸ ಗೊತ್ತಾಗಿತ್ತು. ಅವನಿಗೆ ಚಾಪೆ ಹಾಸಿ ಅನ್ನ ಬಡಿಸಿದವನು ದೊಡ್ಡಣ್ಣ. ಗಂಡ ಕಣ್ಣೊರೆಸಿಕೊಂಡದ್ದು ಅದಕ್ಕೆ. ಉಳಿದದ್ದನ್ನು ತಿರುವಿ ನೋಡಿದರೆ, ಆ ಮೇಲಿನ ನೂರ ಎಂಬತ್ತೊಂಬತ್ತು ಪುಟಗಳಲ್ಲಿ ಬರೆದವರು ನದಿಯ ಕಡೆ ಹೊರಳಿಕೊಂಡಿದ್ದರು. ಸೊಸೆಯ ಕಡೆ ಮತ್ತೆ ತಿರುಗಿಯೂ ನೋಡಿರಲಿಲ್ಲ.

ಅಂಚಿನಲ್ಲಿ ಮಗಳು ಏನೂ ಬರೆದಿರಲಿಲ್ಲ. ಒಂದು ಗೆರೆ ಮಾತ್ರ, ಮೇಲಿನಿಂದ ಕೆಳಗಿನವರೆಗೆ, ನೇರವಾಗಿ.

ಅವಳು ಪುಸ್ತಕವನ್ನು ಮಡಿಲಲ್ಲಿ ಮಗುಚಿಟ್ಟುಕೊಂಡಳು. ಹೆಂಗಸು, ಹನ್ನೆರಡು ವರ್ಷ, ಮರಳಿ ಬಂದ ಗಂಡ. ಇಷ್ಟು ಗೊತ್ತಾದದ್ದೇ ಉಳಿದದ್ದನ್ನು ಕೈ ತಾನಾಗಿ ಬರೆದಿತ್ತು. ಮಗಳಿಗೆ ಸಿಡುಬು, ಹತ್ತೇ ದಿನ, ಬೇಸರದ ಪುಸ್ತಕ, ಎಲ್ಲ ನಿಜ. ಆದರೆ ಅವೆಲ್ಲ ಓದದೆ ಇದ್ದುದಕ್ಕೆ ಕಾರಣ. ಕ್ಷಮೆಯೇ ಯಾಕೆ ಬಂತು ಎಂಬುದಕ್ಕೆ ಕಾರಣವಾಗಿರಲಿಲ್ಲ. ಜಗಳವಾಡಿದಳು ಎಂದು ಊಹಿಸಬಹುದಿತ್ತು. ಬಾಗಿಲು ಹಾಕಿಕೊಂಡಳು ಎನ್ನಬಹುದಿತ್ತು. ಅಂಥದ್ದೊಂದು ಅವಳ ತಲೆಯ ಹತ್ತಿರವೂ ಸುಳಿದಿರಲಿಲ್ಲ. ವರ್ಷಕ್ಕೆ ಸಾವಿರಾರು ಮಕ್ಕಳು, ಅವರಲ್ಲಿ ಅರ್ಧ ಹುಡುಗಿಯರು, ಆ ಹನ್ನೆರಡು ಸಾಲನ್ನು ಗೋಡೆ ನೋಡುತ್ತ ಉರು ಹೊಡೆದಿದ್ದರು.

“ಅಮ್ಮ.”

ಮಗಳು ಹಿಂದೆ ಬಂದು ನಿಂತಿದ್ದಳು. ಪುಸ್ತಕವನ್ನು ನೋಡಿದಳು, ಯಾಕೆ ಓದುತ್ತಿದ್ದೀ ಎಂದು ಕೇಳಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ಚಾಚಿದಳು.

“ತಗೋ. ಬರ್ದಿದೀನಿ. ಸಹಿ ಹಾಕು.”

ಕೋಳಿಕಾಲಿನ ಅಕ್ಷರವಲ್ಲ. ಗೆರೆ ಹಾಕಿ, ಅಂಚು ಬಿಟ್ಟು, ದುಂಡಗೆ ಬರೆದದ್ದು. ‘ಪುಟಕ್ಕಿಟ್ಟ ಚಿನ್ನದಂತೆ ಹೊಳೆಯುವ ಕಿರಿಯ ಸೊಸೆಯು...’ ಅವಳಿಗೆ ಎಣಿಸದೆ ಇರಲಾಗಲಿಲ್ಲ. ಹನ್ನೆರಡು.

“ನಿನಗೆ ಗೈಡ್ ಎಲ್ಲಿ ಸಿಕ್ತು?”

“ಗೆಳತೀದು. ಎಲ್ರ ಹತ್ರನೂ ಇದೆ, ನನ್ಹತ್ರ ಬಿಟ್ಟು.”

“ನೀನು ಸರಿಯಾಗೇ ಬರ್ದಿದ್ಯಲ್ಲೇ ಮೊದ್ಲು. ಈಗ್ಯಾಕೆ...”

“ಸಾಕಾಯ್ತಮ್ಮ. ಹದಿನಾಲ್ಕು ಅಂಕ ಅದು. ಆ ಪುಸ್ತಕಕ್ಕೋಸ್ಕರ ಅಷ್ಟೊಂದು ಕಳ್ಕೊಳ್ಳೋಕೆ ನಂಗೇನು ಹುಚ್ಚಾ? ಪುಸ್ತಕ ಚೆನ್ನಾಗಿದ್ದಿದ್ರೆ ಬೇರೆ ಮಾತು.” ಹೆಗಲು ಕುಣಿಸಿದಳು. “ಎಲ್ರೂ ಕ್ಷಮಿಸಿದ್ಲು ಅಂತಾರೆ. ನಾನೂ ಅಂದ್ರಾಯ್ತು. ಇನ್ಮೇಲೆ ಗೈಡ್ ತಗೊಂಡ್ಬಿಡ್ತೀನಿ. ಓದಿ ಏನಾಯ್ತು?”

ಮೂರು ವರ್ಷದವಳಿದ್ದಾಗಿನಿಂದಲೂ ಮೊಂಡಿ. ಔಷಧಿ ಬೇಡವೆಂದರೆ ಚಮಚ ಕಚ್ಚಿ ಹಿಡಿಯುತ್ತಿದ್ದವಳು. ಈ ಹಟಕ್ಕೆ ತಾನು ಬೈಯದ ದಿನವಿರಲಿಲ್ಲ. ಒಂದು ದಿನ ಇದು ಇಳಿಯಲಿ ಎಂದು ಬೇಡಿಕೊಂಡದ್ದೂ ಉಂಟು. ಈಗ ಎದುರಿಗೆ ಇಳಿದು ನಿಂತಿತ್ತು.

“ಇಲ್ಲಿಡು,” ಎಂದಳು. “ಪೆನ್ನು ಒಳಗಿದೆ. ಆಮೇಲೆ ಹಾಕ್ತೀನಿ.”

ಆಮೇಲೆ ಅವಳು ಬಟ್ಟೆ ಮಡಿಚಿದಳು, ಪಾತ್ರೆ ತೊಳೆದಳು, ಗಂಡನ ಅಂಗಿಗೆ ಗುಂಡಿ ಹೊಲಿದಳು. ಹಾಳೆ ಅಡಿಗೆಮನೆಯ ಶೆಲ್ಫಿನಲ್ಲಿ ಸಕ್ಕರೆ ಡಬ್ಬಿಯ ಕೆಳಗಿತ್ತು. ಎರಡು ಸಲ ಅದನ್ನು ತೆಗೆದು ನೋಡಿ ಮತ್ತೆ ಅಲ್ಲೇ ಇಟ್ಟಳು.

ಬೆಳಿಗ್ಗೆ ಮಗಳು ಬೂಟು ಹಾಕಿಕೊಳ್ಳುತ್ತ ಕೂಗಿದಳು. “ಅಮ್ಮ, ಆ ಹಾಳೆ? ಸಹಿ ಹಾಕಿದ್ಯಾ? ಮೊದ್ಲನೇ ಪೀರಿಯಡ್ಡು!”

“ನೀನು ಹೊರಡು. ಅದು ಮೇಡಂ ಕೈಗೆ ಸಿಗಬೇಕಾದ ಹೊತ್ತಿಗೆ ಸಿಗುತ್ತೆ.”

“ಹಾಗಂದ್ರೆ?”

“ಹೊರಡೇ, ಹೊತ್ತಾಯ್ತು.”

ಗಂಡ ಸ್ನಾನದ ಮನೆಯಿಂದ, ಏನಂತೆ ಎಂದು ಕೇಳಿದ. ಏನಿಲ್ಲ ಎಂದಳು.

ಅವಳು ಎಂದಿನ ಬಸ್ಸನ್ನೇ ಹತ್ತಿದಳು. ಎಂದಿನ ಹಾಗೆ ನಡುವಿನ ಸೀಟು ಸಿಕ್ಕಿತು. ಚೀ‌ಲದಲ್ಲಿ ಊಟದ ಡಬ್ಬಿ, ಕೊಡೆ, ಸಹಿಯಿಲ್ಲದ ಹಾಳೆ. ಮೇಡಂ ಎದುರು ಮೊದಲು ಏನು ಹೇಳಬೇಕು ಎಂಬುದನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿ ನೋಡಿದಳು. ಕಷ್ಟದ ಮಾತೇನೂ ಆಗಿರಲಿಲ್ಲ. ಮಗಳಿಗೆ ಹೇಳಬೇಕಾದದ್ದು ಅದಕ್ಕಿಂತ ಕಷ್ಟವಿತ್ತು. ಅದನ್ನು ಸಂಜೆಗೆ ಇಟ್ಟುಕೊಂಡಳು.

ಮುದ್ರಣಾಲಯದ ಸ್ಟಾಪು ಬಂತು. ಕಂಡಕ್ಟರು ಅಭ್ಯಾಸದಿಂದ ಅವಳ ಕಡೆ ನೋಡಿದ. ಪಕ್ಕದಲ್ಲಿದ್ದ ಹೆಂಗಸು ಇಳಿದುಹೋದಳು. ಬಾಗಿಲ ಹತ್ತಿರ ನೂಕುನುಗ್ಗಲಾಯಿತು, ಸೀಟಿ ಕೇಳಿತು, ಬಸ್ಸು ಶಾಲೆಯ ದಾರಿಯಲ್ಲಿ ಹೊರಟಿತು. ಅವಳು ಚೀಲವನ್ನೆತ್ತಿಕೊಂಡು ಕಿಟಕಿಯ ಕಡೆ ಸರಿದು ಕೂತಳು. ಗಾಜು ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತ್ತು. ಎರಡೂ ಕೈಯಿಂದ ಒತ್ತಿ, ಅದು ಕಿರುಗುಟ್ಟಿಕೊಂಡು ಪೂರ್ತಿ ಕೆಳಗಿಳಿಯುವವರೆಗೂ ಬಿಡಲಿಲ್ಲ.